ತೃತೀಯ ರತ್ನ: ಪುಣೆಯ ವಿದ್ಯಾರ್ಥಿ ಪರಂಪರೆಯಲ್ಲಿ ಸ್ತ್ರೀವಾದ, ಜಾತಿ ಮತ್ತು ಪ್ರದರ್ಶನ ಕಲೆ

ಕನ್ನಡದಲ್ಲಿ ಸ್ತ್ರೀವಾದದ ಚರ್ಚೆಯು ಬಹುಮಟ್ಟಿಗೆ ಸಾಹಿತ್ಯ ವಿಮರ್ಶೆಯ ಆಶ್ರಯದಲ್ಲಿ ಬೆಳೆದು ಬಂದಿದೆ. ಮರಾಠಿ ಪ್ರದೇಶದಲ್ಲಿ, ಅದರಲ್ಲಿಯೂ ಪುಣೆ ನಗರದಲ್ಲಿ, ಇದೇ ಚರ್ಚೆಗೆ ಇನ್ನೆರಡು ನೆಲೆಗಳು ದೊರೆತಿವೆ: ಒಂದು ಶಾಲೆ, ಇನ್ನೊಂದು ರಂಗ. ಕಲಿಯುವ ಹೆಣ್ಣುಮಗಳೂ ಹಾಡುವ ಹೆಣ್ಣುಮಗಳೂ ಅಲ್ಲಿ ಒಂದೇ ಚರಿತ್ರೆಯ ಎರಡು ಮುಖಗಳಾಗಿ ಕಾಣಿಸಿಕೊಳ್ಳುತ್ತಾರೆ. ಸ್ತ್ರೀವಾದವನ್ನು, ಜಾತಿಯ ಪೂರ್ವಗ್ರಹವನ್ನು ಮತ್ತು ಕಲೆಯ ಮೂಲಕ ನಡೆಯುವ ಸಾಮಾಜಿಕ ಹೋರಾಟವನ್ನು ವಿದ್ಯಾರ್ಥಿಯೊಬ್ಬಳು ಹೇಗೆ ಒಟ್ಟಿಗೆ ಕಲಿಯುತ್ತಾಳೆಂಬುದಕ್ಕೆ ಪುಣೆಯು ಒಂದು ದೀರ್ಘವಾದ ನಿದರ್ಶನ. ಈ ನಿದರ್ಶನದ ಮುಖ್ಯ ಘಟ್ಟಗಳನ್ನು ವಿವರಿಸಿ, ಕನ್ನಡ ಸಂಶೋಧನೆಗೆ ಅದರಿಂದ ಒದಗಬಹುದಾದ ಪ್ರಶ್ನೆಗಳನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರನಾಡುಗಳಲ್ಲಿ ನೆಲೆಸಿ ಕನ್ನಡದ ಅಧ್ಯಯನದಲ್ಲಿ ತೊಡಗಿರುವ ಸಂಶೋಧಕರಿಗೆ ಇಂತಹ ನೆರೆಹೊರೆಯ ತೌಲನಿಕ ನೋಟವು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

1. ಶಾಲೆಯಿಂದ ಹೊರಟ ಮೊದಲ ದನಿ

ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದದ್ದು 1848ರಲ್ಲಿ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಅವರು ತೆರೆದ ಶಾಲೆಗಳು ಅದರ ಹಿಂದೆಯೇ ಬಂದವು. ಈ ಪ್ರಯತ್ನದ ಮಹತ್ತ್ವವನ್ನು ಸಾಮಾನ್ಯವಾಗಿ ಬೋಧಕರ ಕಡೆಯಿಂದ ಹೇಳಲಾಗುತ್ತದೆ. ಆದರೆ ವಿದ್ಯಾರ್ಥಿನಿಯ ಕಡೆಯಿಂದ ನೋಡುವುದಕ್ಕೂ ನಮಗೆ ಒಂದು ದಾಖಲೆ ಉಳಿದಿದೆ. ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ ಜಾತಿಯ ಬಾಲಕಿ ಮುಕ್ತಾ ಸಾಳ್ವೆ, ಮಾಂಗ ಮತ್ತು ಮಹಾರ ಜನರ ದುಃಖವನ್ನು ಕುರಿತು ಬರೆದ ಪ್ರಬಂಧವು 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಪುಟ್ಟ ಬರಹದ ತರ್ಕವು ಗಮನಾರ್ಹ. ವೇದವು ಬ್ರಾಹ್ಮಣರಿಗೆ ಮಾತ್ರ ಸೇರಿದ್ದೆಂದಾದರೆ ತಮಗೆ ಗ್ರಂಥವೇ ಇಲ್ಲವೆಂದಾಯಿತು. ಗ್ರಂಥವಿಲ್ಲದವರಿಗೆ ಧರ್ಮವೂ ಇಲ್ಲವಷ್ಟೆ ಎಂದು ಆಕೆ ವಾದಿಸುತ್ತಾಳೆ. ತಲೆಯ ಮೇಲೊಂದು ಸೂರೂ ಇಲ್ಲದೆ ಹೆರುವ ತನ್ನ ಜಾತಿಯ ಹೆಂಗಸರ ಸಂಕಟವನ್ನೂ ಅಲ್ಲಿಯೇ ಮುಂದಿಡುತ್ತಾಳೆ. ಜಾತಿಯ ಪ್ರಶ್ನೆಯನ್ನು ಒಂದು ಪುಟದಲ್ಲಿ, ಹೆಣ್ಣಿನ ಪ್ರಶ್ನೆಯನ್ನು ಇನ್ನೊಂದು ಪುಟದಲ್ಲಿ ಬರೆಯುವ ರೂಢಿ ಆಕೆಗೆ ತಿಳಿಯದು. ಹೆರಿಗೆಯ ನೋವು ಮತ್ತು ಹೊರಗಿಟ್ಟ ನೋವು ಅವಳ ಪಾಲಿಗೆ ಒಂದೇ ದೇಹದಲ್ಲಿ ಕೂಡಿದ್ದವು. ಮುಂದೆ ಒಂದು ಶತಮಾನಕ್ಕೂ ಮಿಕ್ಕಿ ವಿದ್ವಾಂಸರು ಬೇರ್ಪಡಿಸಿ ನೋಡಿದ್ದನ್ನು ವಿದ್ಯಾರ್ಥಿನಿಯೊಬ್ಬಳು ಆರಂಭದಲ್ಲಿಯೇ ಕೂಡಿಸಿ ಬರೆದಿದ್ದಳೆಂಬುದು ನೆನಪಿಡತಕ್ಕ ಸಂಗತಿ.

ಅದೇ 1855ರಲ್ಲಿ ಫುಲೆಯವರು ‘ತೃತೀಯ ರತ್ನ’ ಎಂಬ ನಾಟಕವನ್ನು ರಚಿಸಿದರು. ಗರ್ಭಿಣಿಯಾದ ರೈತ ಹೆಂಗಸೊಬ್ಬಳನ್ನೂ ಅವಳ ಗಂಡನನ್ನೂ ಗ್ರಹಗತಿಯ ಭಯ ಹುಟ್ಟಿಸಿ ಸುಲಿಯುವ ಜೋಯಿಸನ ಕಥೆ ಅದರ ವಸ್ತು. ನಾಟಕದ ಕೊನೆಗೆ ಆ ದಂಪತಿಗಳು ಶಾಲೆಯ ಕಡೆಗೆ ಮುಖ ಮಾಡುತ್ತಾರೆ. ತೃತೀಯ ರತ್ನವೆಂದರೆ ವಿದ್ಯೆ. ಮೂರನೆಯ ಕಣ್ಣು ಎಂಬ ಅರ್ಥವೂ ಅದಕ್ಕುಂಟು. ಅಕ್ಷರ ಕಲಿಸುವ ಕೆಲಸವನ್ನೂ ನಾಟಕ ಬರೆಯುವ ಕೆಲಸವನ್ನೂ ಒಂದೇ ಕಾರ್ಯದ ಎರಡು ಅಂಗಗಳಾಗಿ ಕಾಣುವ ದೃಷ್ಟಿ ಇಲ್ಲಿ ಸ್ಪಷ್ಟವಾಗಿದೆ.

2. ಗಂಗಾಮೂಲದಿಂದ ಪುಣೆಗೆ

1882ನೆಯ ವರ್ಷವು ಪುಣೆಯ ಸ್ತ್ರೀ ಚರಿತ್ರೆಯಲ್ಲಿ ವಿಶೇಷವಾದುದು. ತಾರಾಬಾಯಿ ಶಿಂದೆಯವರ ‘ಸ್ತ್ರೀ ಪುರುಷ ತುಲನಾ’ ಅಚ್ಚಾದದ್ದು ಆ ವರ್ಷ ಪುಣೆಯಲ್ಲಿ. ವಿಧವೆಯೊಬ್ಬಳಿಗೆ ವಿಧಿಸಲಾದ ಶಿಕ್ಷೆಯ ಪ್ರಸಂಗವನ್ನು ಹಿಡಿದು ಹೆಂಗಸರೆಲ್ಲರ ನಡತೆಯನ್ನು ಹಳಿಯುತ್ತಿದ್ದ ಪತ್ರಿಕೆಗಳಿಗೆ ಅದು ಕೊಟ್ಟ ತೀಕ್ಷ್ಣ ಉತ್ತರ. ಪಂಡಿತಾ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ್ದೂ, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದದ್ದೂ ಅದೇ ವರ್ಷ.

ರಮಾಬಾಯಿಯವರು ಕನ್ನಡ ನಾಡಿನ ಓದುಗರಿಗೆ ಹೊರಗಿನವರಲ್ಲ. ಅವರು 1858ರಲ್ಲಿ ಜನಿಸಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕಾಗಿ ಸ್ವಜನರ ವಿರೋಧವನ್ನು ಎದುರಿಸಿದ ಆ ಶಾಸ್ತ್ರಿಗಳು ಮುಂದೆ ಕುಟುಂಬಸಮೇತರಾಗಿ ತೀರ್ಥಕ್ಷೇತ್ರಗಳನ್ನು ಸುತ್ತುತ್ತ ಪುರಾಣಪಠಣದಿಂದ ಜೀವನ ಸಾಗಿಸಿದರು. ರಮಾಬಾಯಿಯವರ ಪಾಂಡಿತ್ಯವನ್ನು ಎಲ್ಲರೂ ಸ್ಮರಿಸುತ್ತಾರೆ. ಆದರೆ ಆ ಪಾಂಡಿತ್ಯವು ದೇವಾಲಯದ ಅಂಗಳದಲ್ಲಿ, ನದಿಯ ಘಟ್ಟದಲ್ಲಿ, ಕೇಳುಗರ ಮುಂದೆ ಕುಳಿತು ಪುರಾಣ ಹೇಳುವ ಪ್ರದರ್ಶನ ಕಲೆಯಾಗಿಯೇ ಮೈಗೂಡಿತ್ತೆಂಬುದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಸಭೆಯ ಮುಂದೆ ನಿಂತು ಮಾತನಾಡುವ ಅಧಿಕಾರವು ಹೆಣ್ಣಿಗೆ ಇಲ್ಲದ ಕಾಲದಲ್ಲಿ, ಪುರಾಣಿಕನ ಪೀಠವೇ ಅವರಿಗೆ ಸುಧಾರಣೆಯ ವೇದಿಕೆಯಾಯಿತು. 1883ರಲ್ಲಿ ಅವರು ಇಂಗ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದಾಗ ಪುಣೆಯ ಅನೇಕ ಸುಧಾರಕರು ದೂರ ಸರಿದರು. ಅವರ ಪರವಾಗಿಯೂ ತಾರಾಬಾಯಿಯವರ ಪರವಾಗಿಯೂ 1885ರಲ್ಲಿ ‘ಸತ್ಸಾರ’ದಲ್ಲಿ ಬರೆದವರು ಫುಲೆಯವರೇ.

3. ಹಾಡುವವಳ ಪ್ರಶ್ನೆ

ಫುಲೆಯವರು ಶಿವಾಜಿಯನ್ನು ಕುರಿತು ರಚಿಸಿದ ಪೋವಾಡವು 1869ರಲ್ಲಿ ಹೊರಬಂದಿತು. ಜನರ ಬಾಯಲ್ಲಿದ್ದ ವೀರಗೀತದ ಧಾಟಿಯನ್ನು ಹೊಸ ವಿಚಾರಕ್ಕೆ ಬಳಸಿಕೊಳ್ಳುವ ಈ ಕ್ರಮವು ಮುಂದೆ ಸತ್ಯಶೋಧಕ ಜಲಸಾ ಎಂಬ ಪ್ರಕಾರವಾಗಿ ಬೆಳೆಯಿತು. ತಮಾಷಾ ಪ್ರದರ್ಶನದಲ್ಲಿ ಗಣಸ್ತುತಿ, ಗೌಳಣ, ಲಾವಣಿ, ವಗ ಎಂಬ ಭಾಗಗಳಿರುತ್ತವೆ. ಜಲಸಾದವರು ಈ ಚೌಕಟ್ಟನ್ನು ಇಟ್ಟುಕೊಂಡು ಒಳಗಿನ ವಸ್ತುವನ್ನು ಬದಲಾಯಿಸಿದರು. ಪೌರೋಹಿತ್ಯ, ಸಾಲ, ಶಿಕ್ಷಣಗಳ ಮಾತು ಅಲ್ಲಿ ಬಂದಿತು. 1930ರ ದಶಕದಲ್ಲಿ ಭೀಮರಾವ್ ಕರ್ಡಕರಂತಹ ಶಾಹಿರರು ಅಂಬೇಡ್ಕರೀ ಜಲಸಾವನ್ನು ಊರೂರಿಗೆ ಒಯ್ದರು.

ಇಲ್ಲಿ ಒಂದು ತೊಡಕು ಇದೆ, ಮತ್ತು ಅದನ್ನು ಬಿಚ್ಚಿ ತೋರಿಸಿದವರು ಪುಣೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಶರ್ಮಿಳಾ ರೇಗೆ (1964-2013). ಲಾವಣಿಯನ್ನು ಕುರಿತು ಅವರು 1995ರಲ್ಲಿಯೂ, ಲಾವಣಿ ಪೋವಾಡಗಳನ್ನು ಕುರಿತು 2002ರಲ್ಲಿಯೂ ಪ್ರಕಟಿಸಿದ ಲೇಖನಗಳು ಈ ಕ್ಷೇತ್ರದ ಮುಖ್ಯ ಆಕರಗಳು. ಲಾವಣಿಯನ್ನು ಹಾಡಿ ಕುಣಿದವರು ಬಹುತೇಕ ಕೋಲ್ಹಾಟಿ, ಮಹಾರ, ಮಾಂಗ ಮೊದಲಾದ ಜಾತಿಗಳ ಸ್ತ್ರೀಯರು. ಪೇಶ್ವೆಯರ ಕಾಲದಲ್ಲಿ ಮೇಲುಜಾತಿಯ ಹೆಣ್ಣನ್ನು ಮನೆಯೊಳಗೆ ನಿರ್ಬಂಧಿಸಿದ ವ್ಯವಸ್ಥೆಯೇ ಕೆಳಜಾತಿಯ ಹೆಣ್ಣನ್ನು ಕಾಮಪ್ರಚುರಳೆಂದು ಚಿತ್ರಿಸಿ ಅವಳ ದುಡಿಮೆಯನ್ನೂ ದೇಹವನ್ನೂ ಬಳಸಿಕೊಂಡಿತು ಎಂಬುದು ಅವರ ವಿಶ್ಲೇಷಣೆಯ ಸಾರ. ಕುಲೀನೆಯ ಕಟ್ಟುಪಾಡು ಮತ್ತು ಲಾವಣಿಯವಳ ಕಳಂಕ ಇವು ಎರಡು ವಿಷಯಗಳಲ್ಲ. ಒಂದರ ಆಧಾರದ ಮೇಲೆ ಇನ್ನೊಂದು ನಿಂತಿದೆ. ಜಲಸಾಗಳು ಜನರನ್ನು ಎಚ್ಚರಿಸಿದವು, ನಿಜ. ಆದರೆ ಲಾವಣಿಯ ಶೃಂಗಾರವನ್ನು ಕೈಬಿಡುವಾಗ ಅದನ್ನು ಹಾಡುತ್ತಿದ್ದ ಹೆಣ್ಣಿಗೂ ವೇದಿಕೆಯ ಮೇಲೆ ಸ್ಥಳವಿಲ್ಲದಂತಾಯಿತು. ಕಲೆಯು ವಿಮೋಚನೆಯ ಸಾಧನವೆಂದು ಹೇಳುವಾಗ ಯಾರ ಕಲೆ, ಯಾರ ದುಡಿಮೆ, ಯಾರ ಅಪಮಾನ ಎಂದು ಕೇಳುವ ಅಗತ್ಯವು ಇದರಿಂದ ತಿಳಿಯುತ್ತದೆ.

4. ಚಳವಳಿಯಿಂದ ವಿಶ್ವವಿದ್ಯಾಲಯಕ್ಕೆ

1975ರ ಅಂತರರಾಷ್ಟ್ರೀಯ ಮಹಿಳಾ ವರ್ಷದಲ್ಲಿ ಪುಣೆಯಲ್ಲಿ ಸಂಯುಕ್ತ ಸ್ತ್ರೀಮುಕ್ತಿ ಸಂಘರ್ಷ ಪರಿಷತ್ತು ನಡೆಯಿತು. ತಾರಾಬಾಯಿ ಶಿಂದೆಯವರ ಮರೆತುಹೋಗಿದ್ದ ಪುಸ್ತಕವನ್ನು ಸ. ಗಂ. ಮಾಲಶೆಯವರು ಮತ್ತೆ ಬೆಳಕಿಗೆ ತಂದದ್ದೂ ಅದೇ ವರ್ಷ. 1982ರಲ್ಲಿ ನಗರದ ಯುವ ಗೃಹಿಣಿಯೊಬ್ಬಳ ಮರಣವು ಸಾರ್ವಜನಿಕರನ್ನು ಕಲಕಿದಾಗ, ಪತ್ರಕರ್ತೆ ವಿದ್ಯಾ ಬಾಳ (1937-2020) ಮತ್ತು ಅವರ ಸಂಗಡಿಗರು ‘ಮೀ ಏಕ ಮಂಜುಶ್ರೀ’ ಎಂಬ ಭಿತ್ತಿಚಿತ್ರ ಪ್ರದರ್ಶನವನ್ನು ಏರ್ಪಡಿಸಿದರು. ನಾರೀ ಸಮತಾ ಮಂಚ್ ಸಂಘಟನೆಯ ಹುಟ್ಟಿಗೆ ಇದೇ ಪ್ರೇರಣೆ. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಆರೋಪಿಯನ್ನು ಬಿಡುಗಡೆ ಮಾಡಿತು. ಸಾಂದರ್ಭಿಕ ಸಾಕ್ಷ್ಯವನ್ನು ಹೇಗೆ ತೂಗಬೇಕೆಂಬ ಬಗ್ಗೆ ಆ ತೀರ್ಪು ಇಂದಿಗೂ ಆಧಾರವಾಗಿದೆ. ನ್ಯಾಯಾಲಯದ ಪ್ರಶ್ನೆ ಒಬ್ಬನ ಅಪರಾಧವು ಸಂಶಯಾತೀತವಾಗಿ ಸಿದ್ಧವಾಯಿತೇ ಎಂಬುದು. ಪ್ರದರ್ಶನದ ಪ್ರಶ್ನೆ ಬೇರೆ: ಮದುವೆಯಾದ ಹೆಣ್ಣು ತನ್ನ ಸಂಕಟವನ್ನು ಕಾಗದದಲ್ಲಿ ಮಾತ್ರ ತೋಡಿಕೊಳ್ಳಬೇಕಾದ ಮನೆಗಳು ಎಷ್ಟಿವೆ ಎಂಬುದು. ಇವೆರಡನ್ನೂ ಬೆರೆಸದೆ, ಎರಡನ್ನೂ ಗೌರವದಿಂದ ನೋಡುವುದು ಸಂಶೋಧಕರಿಗೆ ಅಗತ್ಯ. ಮರುವರ್ಷ, ಎಂದರೆ 1983ರಲ್ಲಿ, ಮುಂಬಯಿಯ ಸ್ತ್ರೀ ಮುಕ್ತಿ ಸಂಘಟನೆಗಾಗಿ ಜ್ಯೋತಿ ಮ್ಹಾಪ್ಸೇಕರ್ ರಚಿಸಿದ ‘ಮುಲಗೀ ಝಾಲೀ ಹೋ’ ನಾಟಕವು ಮಹಾರಾಷ್ಟ್ರದ ಊರೂರುಗಳಲ್ಲಿ ಹಾಡಿನೊಡನೆ ಸ್ತ್ರೀಮುಕ್ತಿಯ ವಿಚಾರವನ್ನು ಹರಡಿತು.

1987ರಲ್ಲಿ ಪುಣೆ ವಿಶ್ವವಿದ್ಯಾಲಯದಲ್ಲಿ ಸ್ತ್ರೀ ಅಧ್ಯಯನ ಕೇಂದ್ರವು ಆರಂಭವಾಯಿತು. ಕೇಂದ್ರವು ಸಾವಿತ್ರಿಬಾಯಿಯವರ ಹೆಸರನ್ನು ಧರಿಸಿತು. 2014ರಲ್ಲಿ ವಿಶ್ವವಿದ್ಯಾಲಯವೇ ಆ ಹೆಸರನ್ನು ಪಡೆಯಿತು. ಕೇಂದ್ರವನ್ನು ವಿದ್ಯುತ್ ಭಾಗವತ್ ಮತ್ತು ಶರ್ಮಿಳಾ ರೇಗೆಯವರು ಬೆಳೆಸಿದ ರೀತಿಯಲ್ಲಿ ಮರಾಠಿ ಮಾಧ್ಯಮದಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರಿದ ವಿದ್ಯಾರ್ಥಿಗಳು ಕೇಂದ್ರಸ್ಥಾನದಲ್ಲಿದ್ದರು. ‘ತೃತೀಯ ರತ್ನ’ವೆಂಬ ಫುಲೆಯವರ ಪರಿಕಲ್ಪನೆಯನ್ನೇ ಶೀರ್ಷಿಕೆಯಲ್ಲಿಟ್ಟುಕೊಂಡು ರೇಗೆಯವರು 2010ರಲ್ಲಿ ಬೋಧನಕ್ರಮವನ್ನು ಕುರಿತ ಪ್ರಬಂಧವೊಂದನ್ನು ಪ್ರಕಟಿಸಿದರು. ಮೀಸಲಾತಿಯ ಮೂಲಕ ಬಂದವನಿಗೆ ಅರ್ಹತೆಯಿಲ್ಲ, ಇಂಗ್ಲಿಷ್ ಬಾರದವನಿಗೆ ಸಿದ್ಧಾಂತ ತಿಳಿಯದು ಎಂಬ ಪೂರ್ವಗ್ರಹಗಳು ತರಗತಿಯ ಹೊರಗಿಲ್ಲ. ಪಠ್ಯದ ಆಯ್ಕೆಯಲ್ಲಿ, ಭಾಷೆಯಲ್ಲಿ, ಯಾರು ಮಾತನಾಡುತ್ತಾರೆ ಯಾರು ಸುಮ್ಮನಿರುತ್ತಾರೆ ಎಂಬುದರಲ್ಲಿ ಅವು ನೆಲೆಸಿವೆ ಎಂಬುದು ಆ ಪ್ರಬಂಧದಿಂದ ನಾವು ಗ್ರಹಿಸಬಹುದಾದ ಪಾಠ. ಆದ್ದರಿಂದ ಪೂರ್ವಗ್ರಹವನ್ನು ಕುರಿತು ಕಲಿಯುವುದೆಂದರೆ ಪರರ ದೋಷಗಳ ಪಟ್ಟಿಯನ್ನು ಕಂಠಪಾಠ ಮಾಡುವುದಲ್ಲ, ಕಲಿಕೆಯ ವ್ಯವಸ್ಥೆಯನ್ನೇ ಪರೀಕ್ಷೆಗೆ ಒಡ್ಡುವುದು.

ಇದಕ್ಕೆ ತಾತ್ತ್ವಿಕ ತಳಹದಿಯನ್ನು ಅವರು 1998ರಲ್ಲಿಯೇ ಹಾಕಿದ್ದರು. ದಲಿತ ಸ್ತ್ರೀಯರ ಮಾತು ಭಿನ್ನವಾದುದೆಂದು ಗೋಪಾಲ ಗುರು 1995ರಲ್ಲಿ ವಾದಿಸಿದ್ದರು. ಆ ಭಿನ್ನತೆಯನ್ನು ಒಪ್ಪಿ ಪಕ್ಕಕ್ಕೆ ಇಟ್ಟರೆ ಸಾಲದು, ದಲಿತ ಸ್ತ್ರೀಯರ ನಿಲುವಿನಿಂದ ಸ್ತ್ರೀವಾದವೇ ತನ್ನನ್ನು ಪುನಾರಚಿಸಿಕೊಳ್ಳಬೇಕು ಎಂದು ರೇಗೆಯವರು ಮುಂದುವರಿಸಿದರು. ದಲಿತ ಸ್ತ್ರೀಯರ ಆತ್ಮಕಥನಗಳನ್ನು ಕುರಿತ ಅವರ ಗ್ರಂಥ 2006ರಲ್ಲಿ ಪ್ರಕಟವಾಯಿತು. ಬೇಬಿ ಕಾಂಬಳೆ, ಕುಮುದ್ ಪಾವಡೆ, ಊರ್ಮಿಳಾ ಪವಾರ್ ಮೊದಲಾದವರ ಬರಹಗಳು ಅದರಲ್ಲಿ ಕೇವಲ ನೋವಿನ ಕಥೆಗಳಾಗಿರದೆ ಜ್ಞಾನದ ಆಕರಗಳಾಗಿ ನಿಂತಿವೆ.

5. ಹಾಡಿನ ಬೆಲೆ

ತರಗತಿಯ ಹೊರಗೆ ಹಾಡುವುದಕ್ಕೆ ತೆರಬೇಕಾದ ಬೆಲೆಯನ್ನು ಇತ್ತೀಚಿನ ಚರಿತ್ರೆ ತೋರಿಸಿದೆ. 2002ರ ಗುಜರಾತ್ ಹಿಂಸಾಚಾರದ ಹಿನ್ನೆಲೆಯಲ್ಲಿ ಪುಣೆಯ ವಿದ್ಯಾರ್ಥಿಗಳೂ ಯುವಕರೂ ಕಬೀರ್ ಕಲಾ ಮಂಚ್ ಎಂಬ ತಂಡವನ್ನು ಕಟ್ಟಿದರು. ಜಾತಿ, ಹೆಣ್ಣಿನ ದುಡಿಮೆ, ರೈತರ ಆತ್ಮಹತ್ಯೆ ಅವರ ಹಾಡುಗಳ ವಸ್ತುಗಳಾಗಿದ್ದವು. ತಂಡದ ಗಾಯಕಿ ಶೀತಲ್ ಸಾಠೆಯವರನ್ನು ಆನಂದ ಪಟವರ್ಧನರ ‘ಜಯ ಭೀಮ್ ಕಾಮ್ರೇಡ್’ (2011) ಸಾಕ್ಷ್ಯಚಿತ್ರದಲ್ಲಿ ಕಾಣಬಹುದು. ನಿಷೇಧಿತ ಮಾವೋವಾದಿಗಳೊಡನೆ ಸಂಬಂಧವಿದೆಯೆಂಬ ಆರೋಪದ ಮೇಲೆ 2011ರಲ್ಲಿ ತಂಡದವರ ವಿರುದ್ಧ ಮೊಕದ್ದಮೆ ಹೂಡಲಾಯಿತು. ಅವರು ಆರೋಪವನ್ನು ನಿರಾಕರಿಸಿದರು. ಭೂಗತರಾಗಿದ್ದ ಸಾಠೆಯವರು 2013ರ ಏಪ್ರಿಲ್‌ನಲ್ಲಿ ಮುಂಬಯಿಯ ವಿಧಾನಭವನದ ಮುಂದೆ ಶರಣಾದರು. ಗರ್ಭಿಣಿಯಾಗಿದ್ದ ಅವರಿಗೆ ಆ ಜೂನ್‌ನಲ್ಲಿ ಜಾಮೀನು ದೊರೆಯಿತು. ಸಂಗಡಿಗರಿಗೆ ಸರ್ವೋಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಲು 2017 ಬರಬೇಕಾಯಿತು. ಜಲಸಾದಲ್ಲಿ ಸ್ಥಳ ಪಡೆಯದಿದ್ದ ಹೆಣ್ಣು ಇಲ್ಲಿ ತಂಡದ ಮುಖ್ಯ ದನಿಯಾದಳೆಂಬುದು ಒಂದು ಸಂಗತಿ. ಆ ದನಿಗೆ ಒದಗಿದ ಪಾಡು ಇನ್ನೊಂದು.

6. ಕನ್ನಡ ಸಂಶೋಧನೆಗೆ ಕೆಲವು ಪ್ರಶ್ನೆಗಳು

ಮರಾಠಿಯ ತುರಾ-ಕಲಗೀ ಪಂಥಗಳು ಕ್ರಮವಾಗಿ ಶಿವ ಮತ್ತು ಶಕ್ತಿಯ ಹಿರಿಮೆಯನ್ನು ಸಾರುತ್ತವೆ. ಇದೇ ವಾಗ್ವಾದವು ಉತ್ತರ ಕರ್ನಾಟಕದ ಲಾವಣಿ ಮತ್ತು ಗೀಗೀ ಮೇಳಗಳಲ್ಲಿ ಹರದೇಶಿ-ನಾಗೇಶಿಯಾಗಿ ಉಳಿದಿದೆ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಸವಾಲು-ಜವಾಬು ಇರುಳಿಡೀ ನಡೆಯುತ್ತದೆ. ಸ್ತ್ರೀಪಕ್ಷದ ವಾದಸರಣಿಯೊಂದು ಹಳ್ಳಿಯ ಕಟ್ಟೆಯ ಮೇಲೆ, ಜನರ ಸಮ್ಮುಖದಲ್ಲಿ ಬೆಳೆದಿರುವುದು ಸಣ್ಣ ಸಂಗತಿಯಲ್ಲ. ಆದರೆ ನಾಗೇಶಿಯ ವಾದವನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ನಾಗೇಶಿಯ ಗಾಯಕಿಯನ್ನು ನಾವು ಕೇಳಬೇಕಾಗಿದೆ. ಅವಳ ಜಾತಿ ಯಾವುದು, ಸಂಭಾವನೆ ಎಷ್ಟು, ಪ್ರದರ್ಶನ ಮುಗಿದ ಮೇಲೆ ಊರು ಅವಳನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗಳಿಲ್ಲದೆ ವಾದದ ಅಧ್ಯಯನ ಪೂರ್ಣವಾಗದು.

ಎರಡನೆಯದಾಗಿ, ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ನಮ್ಮ ಜಾನಪದ ಸಂಗ್ರಹಗಳಲ್ಲಿ ಅಗ್ರಗಣ್ಯವಾದುದು. ಅದರ ಶೀರ್ಷಿಕೆಯಲ್ಲಿರುವ ‘ಗರತಿ’ ಎಂಬ ಪದವನ್ನು ರೇಗೆಯವರ ವಿಶ್ಲೇಷಣೆಯ ಬೆಳಕಿನಲ್ಲಿ ಮತ್ತೊಮ್ಮೆ ಓದಬಹುದು. ಬೀಸುಕಲ್ಲಿನ ಮುಂದೆ ಹಾಡಿದವಳು ಗರತಿಯಾದರೆ, ಶ್ರೀಕೃಷ್ಣ ಪಾರಿಜಾತದಲ್ಲಿ ಹೆಸರಾದ ಕೌಜಲಗಿ ನಿಂಗಮ್ಮನಂತೆ ಜನರ ಮುಂದೆ ನಿಂತು ಹಾಡಿದವಳನ್ನು ಏನೆಂದು ಕರೆಯಲಾಯಿತು? ಇದು ಸಂಗ್ರಾಹಕರ ಮೇಲಿನ ಆಕ್ಷೇಪವಲ್ಲ. ಅವರಿಂದ ನಮಗೆ ದೊರೆತ ಸಂಪತ್ತನ್ನು ಹೊಸ ಪ್ರಶ್ನೆಯಿಂದ ನೋಡುವ ಯತ್ನ.

ಮೂರನೆಯದಾಗಿ, 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಮತ್ತು ಸಮುದಾಯದ ಹಾಡು, ಬೀದಿನಾಟಕಗಳಿಂದ ಎಚ್ಚೆತ್ತ ವಿದ್ಯಾರ್ಥಿನಿಯರ ಅನುಭವವು ಇನ್ನೂ ಹೆಚ್ಚಾಗಿ ಬರಹಕ್ಕೆ ಇಳಿಯಬೇಕಾಗಿದೆ. ಹಾಡು ಬರೆದವರ ಹೆಸರು ನಮಗೆ ತಿಳಿದಿದೆ. ಹಾಡು ಕೇಳಿ ಕಾಲೇಜಿಗೆ ಹೋದವರ, ತಂಡದೊಡನೆ ಹಾಡಿ ಮನೆಗೆ ಮರಳಿದವರ ಮಾತುಗಳನ್ನು ಅವರಿರುವಾಗಲೇ ದಾಖಲಿಸಿಕೊಳ್ಳುವುದು ಒಳ್ಳೆಯದು. ಹರದೇಶಿ-ನಾಗೇಶಿಯ ಸೀಮೆಯಾದ ವಿಜಯಪುರದಲ್ಲಿಯೇ ರಾಜ್ಯದ ಮಹಿಳಾ ವಿಶ್ವವಿದ್ಯಾಲಯವಿದೆ. ಗಡಿಯ ಆಚೆಗಿರುವ ಪುಣೆಯ ಕೇಂದ್ರದೊಡನೆ ಸೇರಿ ಇಂತಹ ಕಾರ್ಯವನ್ನು ಕೈಗೊಳ್ಳಲು ಭಾಷೆಯೊಂದೇ ಅಡ್ಡಿಯಾಗಲಾರದು. ಎರಡೂ ಭಾಷೆಗಳನ್ನು ಬಲ್ಲ ಹೊರನಾಡ ಸಂಶೋಧಕರು ಈ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಅರ್ಹರೆಂಬುದು ನಮ್ಮ ನಂಬಿಕೆ. ಮುಕ್ತಾ ಸಾಳ್ವೆಯ ಪ್ರಬಂಧವು ಉಳಿದದ್ದು ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿದ್ದರಿಂದ. ಆ ಕಾಲದ ಕನ್ನಡ ಶಾಲೆಗಳಲ್ಲಿ ಅಂತಹ ಹುಡುಗಿಯರು ಬರೆದದ್ದು ಏನಾದರೂ ಇದ್ದರೆ, ಅದನ್ನು ಹುಡುಕುವ ಹೊಣೆ ನಮ್ಮದು.