ಬ್ರಿಟನ್ನಿನ ಲಿಬರಲ್ ಮೈತ್ರಿಕೂಟ: ಮತಗಳೂ ಸ್ಥಾನಗಳೂ

ಸಂಸದೀಯ ಪ್ರಜಾಪ್ರಭುತ್ವದ ತವರೆನಿಸಿದ ಬ್ರಿಟನ್ನಿನಲ್ಲಿ 1983ರ ಜೂನ್ 9ರಂದು ನಡೆದ ಮಹಾಚುನಾವಣೆಯ ಫಲಿತಾಂಶವು ರಾಜ್ಯಶಾಸ್ತ್ರದ ಅಧ್ಯಾಪಕರು ಇಂದಿಗೂ ತರಗತಿಯಲ್ಲಿ ಉದಾಹರಿಸಬಹುದಾದಂಥದು. ಶೇಕಡಾ 27.6ರಷ್ಟು ಮತ ಗಳಿಸಿದ ಲೇಬರ್ ಪಕ್ಷಕ್ಕೆ 209 ಸ್ಥಾನಗಳು ಲಭಿಸಿದವು. ಶೇಕಡಾ 25.4ರಷ್ಟು ಮತ ಗಳಿಸಿದ ಲಿಬರಲ್ ಮತ್ತು ಸೋಶಿಯಲ್ ಡೆಮಾಕ್ರಟಿಕ್ ಪಕ್ಷಗಳ ಮೈತ್ರಿಕೂಟಕ್ಕೆ ಲಭಿಸಿದ್ದು ಕೇವಲ 23. ಇವೆರಡರ ನಡುವಣ ಅಂತರ ಏಳು ಲಕ್ಷ ಮತಗಳಷ್ಟೂ ಇರಲಿಲ್ಲ. ಅಷ್ಟು ಅಲ್ಪ ಅಂತರವು ಸದನದೊಳಗೆ ಅಷ್ಟು ದೊಡ್ಡ ಕಂದರವಾದುದು ಹೇಗೆಂಬುದು ವಿಚಾರಾರ್ಹವಾದ ಸಂಗತಿ.

ಒಂದು ಕಾಲಕ್ಕೆ ಗ್ಲ್ಯಾಡ್‌ಸ್ಟನ್ನರಂಥ ಮುತ್ಸದ್ದಿಗಳಿದ್ದ ಲಿಬರಲ್ ಪಕ್ಷವು 1906ರಲ್ಲಿ ಪ್ರಚಂಡ ಬಹುಮತದಿಂದ ಗೆದ್ದಿತ್ತು. 1951ರ ಹೊತ್ತಿಗೆ ಅದು ಆರು ಸ್ಥಾನಗಳಿಗೆ ಕುಗ್ಗಿತು. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದ ತರುವಾಯ ಲೇಬರ್ ಪಕ್ಷವು ಎಡಕ್ಕೆ ಹೊರಳಿತು. ಅದನ್ನು ಒಪ್ಪದ ನಾಲ್ವರು ಮಾಜಿ ಸಚಿವರು, ರಾಯ್ ಜೆಂಕಿನ್ಸ್, ಡೇವಿಡ್ ಓವೆನ್, ಶರ್ಲಿ ವಿಲಿಯಮ್ಸ್ ಮತ್ತು ಬಿಲ್ ರಾಜರ್ಸ್, 1981ರ ಜನವರಿ 25ರಂದು ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಒಂದು ಘೋಷಣೆಯನ್ನು ಹೊರಡಿಸಿದರು. ಮಾರ್ಚ್ ತಿಂಗಳಲ್ಲಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷವು ಜನ್ಮತಾಳಿತು. ಡೇವಿಡ್ ಸ್ಟೀಲ್ ಅವರ ನಾಯಕತ್ವದ ಲಿಬರಲ್ ಪಕ್ಷವು ಅದೇ ವರ್ಷ ಇದರೊಡನೆ ಕೈಜೋಡಿಸಿತು. ಒಂದರ ಉಮೇದುವಾರನೆದುರು ಮತ್ತೊಂದು ನಿಲ್ಲಬಾರದೆಂಬ ಕರಾರಿನಿಂದ ಕ್ಷೇತ್ರಗಳು ಹಂಚಿಕೆಯಾದವು.

ಆರಂಭದ ದಿನಗಳು ಆಶಾದಾಯಕವಾಗಿದ್ದವು. 1981ರ ನವೆಂಬರಿನಲ್ಲಿ ಕ್ರಾಸ್‌ಬಿ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಸುಮಾರು 19,000 ಮತಗಳ ಅಂತರವನ್ನು ಅಳಿಸಿಹಾಕಿ ಶರ್ಲಿ ವಿಲಿಯಮ್ಸ್ ಆಯ್ಕೆಯಾದರು. ಡಿಸೆಂಬರಿನ ಜನಾಭಿಪ್ರಾಯ ಸಂಗ್ರಹಣೆಯೊಂದರಲ್ಲಿ ಮೈತ್ರಿಕೂಟಕ್ಕೆ ಅರ್ಧದಷ್ಟು ಮತದಾರರ ಒಲವು ಕಂಡುಬಂದಿತು. 1982ರ ಏಪ್ರಿಲಿನಲ್ಲಿ ಫಾಕ್‌ಲೆಂಡ್ ಯುದ್ಧವು ಒದಗಿ ಥ್ಯಾಚರರ ಜನಪ್ರಿಯತೆ ಏರಿದುದರಿಂದ ಕೂಟವು ಸೋತಿತೆಂದು ಹೇಳುವುದು ವಾಡಿಕೆ. ಮತಗಳು ತಗ್ಗಿದುದಕ್ಕೆ ಅದೂ ಒಂದು ಕಾರಣವಿರಬಹುದು. ಸ್ಥಾನಗಳು 23ಕ್ಕೆ ಇಳಿದುದಕ್ಕೆ ಅದು ಉತ್ತರವಾಗಲಾರದು.

ಉತ್ತರವಿರುವುದು ಎಣಿಕೆಯ ವಿಧಾನದಲ್ಲಿ. ಒಂದು ಕ್ಷೇತ್ರದಲ್ಲಿ ನೂರು ಮಂದಿ ಮತ ಚಲಾಯಿಸಿದರೆಂದು ಭಾವಿಸೋಣ. ಮೊದಲನೆಯವನಿಗೆ 40, ಎರಡನೆಯವನಿಗೆ 33, ಮೂರನೆಯವನಿಗೆ 27 ಬಂದರೆ ಮೊದಲನೆಯವನು ಸದಸ್ಯನಾಗುತ್ತಾನೆ. ಮಿಕ್ಕ 60 ಮತಗಳು ಎಣಿಕೆಯ ಮೇಜಿನ ಮೇಲೆಯೇ ಉಳಿಯುತ್ತವೆ. ಲೇಬರ್ ಪಕ್ಷದ ಮತಗಳು ಗಣಿ, ಗಿರಣಿ, ಬಂದರುಗಳ ಊರುಗಳಲ್ಲಿ ಒತ್ತಾಗಿದ್ದವು. ಕನ್ಸರ್ವೇಟಿವ್ ಮತಗಳು ದಕ್ಷಿಣದ ಗ್ರಾಮಾಂತರ ಮತ್ತು ಉಪನಗರಗಳಲ್ಲಿ ಒತ್ತಾಗಿದ್ದವು. ಮೈತ್ರಿಕೂಟಕ್ಕೆ ಅಂಥ ನೆಲೆಯಿರಲಿಲ್ಲ. ಅದರ ಮತಗಳು ನಾಡಿನಾದ್ಯಂತ ತುಂತುರು ಮಳೆಯಂತೆ ಬಿದ್ದವು, ಎಲ್ಲ ಹೊಲಗಳೂ ನೆನೆದವು, ಕೆರೆ ಮಾತ್ರ ತುಂಬಲಿಲ್ಲ. 300ಕ್ಕೂ ಮಿಕ್ಕ ಕ್ಷೇತ್ರಗಳಲ್ಲಿ ಅದಕ್ಕೆ ಎರಡನೆಯ ಸ್ಥಾನ! ಲೇಬರ್ ಪಕ್ಷವಾದರೋ ನೂರಕ್ಕೂ ಹೆಚ್ಚು ಕಡೆ ಠೇವಣಿಯನ್ನೇ ಕಳೆದುಕೊಂಡಿತು. ಆದರೂ ತನ್ನ ಭದ್ರಕೋಟೆಗಳಲ್ಲಿ ಗೆದ್ದಿತು. ಸರಾಸರಿ ತೆಗೆದರೆ ಕನ್ಸರ್ವೇಟಿವರಿಗೆ ಒಂದು ಸ್ಥಾನಕ್ಕೆ ಸುಮಾರು 33,000 ಮತಗಳು, ಲೇಬರಿಗೆ 40,000, ಮೈತ್ರಿಕೂಟಕ್ಕೆ 3,38,000 ಬೇಕಾದವು.

1987ರಲ್ಲಿ ಶೇಕಡಾ 22.6 ಮತ, 22 ಸ್ಥಾನ. ಅಷ್ಟರಲ್ಲಿ ಅಣ್ವಸ್ತ್ರಗಳ ಪ್ರಶ್ನೆಯಲ್ಲಿ ಎರಡು ಪಕ್ಷಗಳ ನಡುವೆ ಬಿರುಕು ಮೂಡಿತ್ತು; ಒಂದೇ ಬಂಡಿಗೆ ಸ್ಟೀಲ್ ಮತ್ತು ಓವೆನ್ ಎಂಬ ಇಬ್ಬರು ಸಾರಥಿಗಳಿದ್ದುದೂ ಮತದಾರನಿಗೆ ರುಚಿಸಲಿಲ್ಲ. 1988ರಲ್ಲಿ ಪಕ್ಷಗಳು ವಿಲೀನಗೊಂಡವು. ಓವೆನ್ ದೂರ ಉಳಿದರು. ವಿಲೀನದಿಂದ ಹುಟ್ಟಿದ್ದೇ ಇಂದಿನ ಲಿಬರಲ್ ಡೆಮಾಕ್ರಟ್ ಪಕ್ಷ.

ಈ ವಿಧಾನವನ್ನೇ ಭಾರತವೂ ಅಂಗೀಕರಿಸಿದೆ. ಪ್ರಮಾಣಾನುಗುಣ ಪ್ರಾತಿನಿಧ್ಯದ ಸಲಹೆ ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂದು ತಿರಸ್ಕೃತವಾಯಿತು. ಅದೇ 1983ರ ಜನವರಿಯಲ್ಲಿ ಕರ್ನಾಟಕ ವಿಧಾನಸಭೆಗೆ ನಡೆದ ಚುನಾವಣೆಯಲ್ಲಿ ಶೇಕಡಾ 40ರಷ್ಟು ಮತ ಗಳಿಸಿದ ಕಾಂಗ್ರೆಸ್ಸಿಗೆ 82 ಸ್ಥಾನಗಳೂ ಶೇಕಡಾ 33ರಷ್ಟು ಗಳಿಸಿದ ಜನತಾ ಪಕ್ಷಕ್ಕೆ 95 ಸ್ಥಾನಗಳೂ ದೊರೆತವು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದರು. ಆದರೆ ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ ಮತದಾರರು 1, 2, 3 ಎಂದು ಪ್ರಾಶಸ್ತ್ಯ ಸೂಚಿಸುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕೊನೆಯವನನ್ನು ಕೈಬಿಟ್ಟು, ಅವನ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚಲಾಗುತ್ತದೆ. ಕರ್ನಾಟಕದ ಅಧ್ಯಾಪಕರಿಗೆ ರೂಢಿಯಾಗಿರುವ ಈ ಕ್ರಮವನ್ನೇ ಬ್ರಿಟನ್ನಿನಲ್ಲಿ 2011ರ ಮೇ 5ರಂದು ಜನಮತಗಣನೆಗೆ ಒಡ್ಡಲಾಯಿತು. ಶೇಕಡಾ 67.9 ಮಂದಿ ಬೇಡವೆಂದರು.

ಆ ಜನಮತಗಣನೆ ಲಿಬರಲ್ ಡೆಮಾಕ್ರಟರು 2010ರಲ್ಲಿ ಕನ್ಸರ್ವೇಟಿವರೊಡನೆ ಸರ್ಕಾರದಲ್ಲಿ ಸೇರಿದುದರ ಫಲ. ಅದಕ್ಕೆ ತೆತ್ತ ಬೆಲೆ ದೊಡ್ಡದು. ವಿಶ್ವವಿದ್ಯಾನಿಲಯದ ಶುಲ್ಕವನ್ನು ಏರಿಸಗೊಡೆವೆಂದು ವಿದ್ಯಾರ್ಥಿಗಳಿಗೆ ವಚನವಿತ್ತವರು, ಅದನ್ನು ವರ್ಷಕ್ಕೆ 9,000 ಪೌಂಡುಗಳವರೆಗೆ ಏರಿಸಿದ ಸರ್ಕಾರದಲ್ಲಿ ಕುಳಿತಿದ್ದರು. 2015ರಲ್ಲಿ ಅವರ 57 ಸ್ಥಾನಗಳು ಎಂಟಕ್ಕೆ ಇಳಿದವು.

ಸೋತ ಪಕ್ಷವು ಮಳೆಯ ಪಾಠವನ್ನು ಮಾತ್ರ ಮರೆತಿರಲಿಲ್ಲ. 1992ಕ್ಕಿಂತ 1997ರಲ್ಲಿ ಅದರ ಮತಪ್ರಮಾಣ ಇಳಿದರೂ, ಗೆಲ್ಲಬಹುದಾದ ಕ್ಷೇತ್ರಗಳಲ್ಲಿ ದುಡಿಮೆಯನ್ನು ಕೇಂದ್ರೀಕರಿಸಿದುದರಿಂದ ಸ್ಥಾನಗಳು 20ರಿಂದ 46ಕ್ಕೆ ಏರಿದ್ದವು. 2024ರಲ್ಲಿ ಅದೇ ಉಪಾಯದಿಂದ ಶೇಕಡಾ 12.2 ಮತಗಳಿಗೆ 72 ಸ್ಥಾನಗಳು ಬಂದವು. 1983ರ ಮತಪ್ರಮಾಣದ ಅರ್ಧಕ್ಕೂ ಕಡಿಮೆ, ಸ್ಥಾನಗಳು ಮೂರು ಪಟ್ಟಿಗೂ ಅಧಿಕ. ಅದೇ ಚುನಾವಣೆಯಲ್ಲಿ ಶೇಕಡಾ 14.3 ಮತ ಪಡೆದ ರಿಫಾರ್ಮ್ ಯು.ಕೆ. ಎಂಬ ಹೊಸ ಪಕ್ಷಕ್ಕೆ ಸಿಕ್ಕಿದ್ದು ಐದೇ ಸ್ಥಾನ.