ಒಂಟಿ ಹಳಿಯೋ ಜೋಡಿ ಹಳಿಯೋ

1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಮದರಾಸಿನ ರಾಯಪುರಂ ನಿಲ್ದಾಣದಿಂದ ವಾಲಾಜಾ ರೋಡಿನತ್ತ ಹೊರಟಿತು. ಯಾವುದೇ ರೈಲುಮಾರ್ಗದಲ್ಲಿ ಒಂಟಿ ಹಳಿಯಿದ್ದಲ್ಲಿ ಎದುರುಬದುರು ಗಾಡಿಗಳು ಸರದಿಯಂತೆ ಓಡಬೇಕು; ಸರದಿ ಯಾರದೆಂಬುದನ್ನು ಎರಡೂ ತುದಿಯ ನಿಲ್ದಾಣಗಳು ಕೂಡಿಯೇ ತೀರ್ಮಾನಿಸಬೇಕು. ಒಬ್ಬರು ಜೋಡಿ ಹಳಿ ಇದೆಯೆಂದು ನಂಬಿ ಗಾಡಿ ಬಿಟ್ಟರೆ ಆಗುವುದೇನೆಂದು ಎಲ್ಲರಿಗೂ ಗೊತ್ತು. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೂ ಅದರ ಇನ್ನೊಂದು ತುದಿಯ ಸ್ವಿಚ್ಚಿಗೂ ನಡುವೆ ಇದೇ ಅನಾಹುತ ಸದ್ದಿಲ್ಲದೆ ನಡೆಯುತ್ತದೆ. ಅದಕ್ಕೆ ಬಹುಪಾಲು ಕಾರಣ ಯಂತ್ರವಲ್ಲ, ಒಂದೇ ತುದಿಗೆ ವೇಗ ನಿಗದಿ ಮಾಡುವ ನಮ್ಮ ಹಳೆಯ ಅಭ್ಯಾಸ.

ಎರಡೂ ತುದಿಗಳು ತಾವೇ ಒಪ್ಪಂದಕ್ಕೆ ಬರುವ ವಿಧಾನ, ಅಂದರೆ ಆಟೋ ನೆಗೋಷಿಯೇಷನ್, 1995ರಲ್ಲಿ ಫಾಸ್ಟ್ ಈಥರ್ನೆಟ್ ಜೊತೆಗೆ ಬಂತು. ತಂತಿ ಸಿಕ್ಕಿಸಿದೊಡನೆ ಎರಡೂ ತುದಿಗಳು ಪುಟ್ಟ ಮಿಡಿತಗಳ ಗೊಂಚಲು ಕಳಿಸಿ, ತಮಗೆ ಬರುವ ವೇಗಗಳನ್ನು ಹೇಳಿಕೊಂಡು, ಇಬ್ಬರಿಗೂ ಸಲ್ಲುವುದರಲ್ಲಿ ಅತ್ಯುತ್ತಮವಾದುದನ್ನು ಆರಿಸುತ್ತವೆ. ಈಗ ಸ್ವಿಚ್ಚಿನ ಕಡೆ ಯಾರೋ 100 ಎಂಬಿಪಿಎಸ್, ಫುಲ್ ಡ್ಯೂಪ್ಲೆಕ್ಸ್ (ಜೋಡಿ ಹಳಿ) ಎಂದು ಬಿಗಿದಿದ್ದಾರೆ ಎನ್ನಿ. ಅದು ಮಿಡಿತ ಕಳಿಸುವುದಿಲ್ಲ. ಆಟೋದಲ್ಲೇ ಇರುವ ಕಾರ್ಡು ತಂತಿಯ ಸಂಕೇತ ನೋಡಿ ವೇಗವನ್ನು ಸರಿಯಾಗಿಯೇ ಗುರುತಿಸುತ್ತದೆ, ಆದರೆ ಹಳಿ ಒಂಟಿಯೋ ಜೋಡಿಯೋ ಅದಕ್ಕೆ ತಿಳಿಯದು. ಮಾತಾಡದವನು ಹಳೆಯ ಹಬ್ ಇರಬೇಕೆಂದು ಭಾವಿಸಿ, ನಿಯಮದಂತೆ ಹಾಫ್ ಡ್ಯೂಪ್ಲೆಕ್ಸಿಗೆ, ಅಂದರೆ ಒಂಟಿ ಹಳಿಗೆ, ಇಳಿಯುತ್ತದೆ. ಮೋಸ ಇಲ್ಲಿಯೇ ಇದೆ: ದೀಪ ಉರಿಯುತ್ತದೆ, ಪಿಂಗ್ ಹೋಗಿ ಬರುತ್ತದೆ, ಏಕೆಂದರೆ ಒಂದು ಹೋಗಿ ಒಂದು ಬರುವಲ್ಲಿ ಡಿಕ್ಕಿಯಿಲ್ಲ. ದೊಡ್ಡ ಫೈಲ್ ಕಳಿಸಿದಾಗ ದತ್ತಾಂಶವೂ ಅದರ ರಸೀದಿಯೂ ಎದುರುಬದುರಾಗಿ, ವರ್ಗಾವಣೆ ತೆವಳತೊಡಗುತ್ತದೆ.

ಲಿನಕ್ಸಿನಲ್ಲಿ ಈಥ್‌ಟೂಲ್ ಆದೇಶವು ವೇಗ, ಡ್ಯೂಪ್ಲೆಕ್ಸ್, ಆಟೋ ಸ್ಥಿತಿ ಮೂರನ್ನೂ ತೋರಿಸುತ್ತದೆ. ಫ್ರೀಬಿಎಸ್‌ಡಿಯಲ್ಲಿ ಐಎಫ್‌ಕಾನ್ಫಿಗ್ ಸಾಕು. ದೋಷಗಳ ಎಣಿಕೆಗಳನ್ನು ಎರಡೂ ತುದಿಯಲ್ಲಿ ಓದಬೇಕು. ಹಾಫ್ ಕಡೆ ತಡವಾದ ಡಿಕ್ಕಿಗಳು, ಅಂದರೆ ಲೇಟ್ ಕೊಲಿಷನ್, ಏರುತ್ತಿದ್ದು, ಫುಲ್ ಕಡೆ ಸಿಆರ್‌ಸಿ ದೋಷಗಳೂ ತುಂಡು ಚೌಕಟ್ಟುಗಳೂ ಕಂಡರೆ ಬೇರೆ ಸಾಕ್ಷಿ ಬೇಡ. ಒಂದೇ ಕಡೆಯ ಎಣಿಕೆ ನೋಡಿದವರು ಸುಮ್ಮನೆ ಕಾರ್ಡು ಬದಲಿಸುತ್ತಾರೆ.

ಆಟೋವನ್ನು ನಂಬಲಾಗದು, ಕೈಯಾರೆ ಬಿಗಿಯುವುದೇ ಕ್ಷೇಮ ಎಂಬ ಆಕ್ಷೇಪವಿದೆ. 1990ರ ದಶಕದ ಕೆಲವು ಕಾರ್ಡು, ಸ್ವಿಚ್ಚುಗಳು ನಿಜಕ್ಕೂ ಒಪ್ಪಂದಕ್ಕೆ ಬರುತ್ತಿರಲಿಲ್ಲ. ಆ ಸಲಹೆ ಅಂದಿಗೆ ನ್ಯಾಯವೇ. ಆದರೆ 1999ರಲ್ಲಿ ಬಂದ ತಾಮ್ರತಂತಿಯ ಗಿಗಾಬಿಟ್ ಈಥರ್ನೆಟ್ ಈ ಒಪ್ಪಂದವನ್ನು ಕಡ್ಡಾಯ ಮಾಡಿತು. ಅಲ್ಲಿ ಸಮಯದ ಲಯಕ್ಕೆ ಯಾರು ಮುಂದಾಳು ಎಂಬುದೂ ಮಾತುಕತೆಯಲ್ಲೇ ತೀರ್ಮಾನವಾಗಬೇಕು. ಆಟೋ ಬಾರದ ಹಳೆಯ ಉಪಕರಣ ಉಳಿದಿದ್ದರೆ ಬಿಗಿಯಲೇಬೇಕು, ಒಪ್ಪುತ್ತೇನೆ. ಆದರೆ ಆಗ ಎರಡೂ ತುದಿಗಳನ್ನು ಒಂದೇ ರೀತಿ ಬಿಗಿಯಬೇಕು, ಮತ್ತು ಅದನ್ನು ಬರೆದಿಡಬೇಕು.

ಎರಡೂ ಕಡೆ ಆಟೋ ಇದ್ದೂ ಗಿಗಾಬಿಟ್ ಬಾರದೆ 100ಕ್ಕೆ ನಿಂತರೆ? ಒಪ್ಪಂದದ ಮಿಡಿತಗಳಿಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ರಾಯಪುರಂನಂಥ ಕಡಲಂಚಿನ ಊರಿನಲ್ಲಿ ಉಪ್ಪುಗಾಳಿಗೆ ಲೋಹದ ಸಂಪರ್ಕಗಳು ಕಿಲುಬು ಹಿಡಿದು ಒಂದು ಜೋಡಿ ಕೆಡುವುದು ಸಹಜ. ಆದ್ದರಿಂದ ಆದೇಶ ಟೈಪಿಸುವ ಮೊದಲು ಕೇಬಲ್ ಬದಲಿಸಿ ನೋಡಬೇಕು.