ಹೋಸ್ಟಾ ಪುಣೆಯಲ್ಲಿ ಏಕೆ ಬಾಳುವುದಿಲ್ಲ? ಒಂದು ಕುಂಡದ ಗಿಡವನ್ನು ನಾಲ್ಕು ಮಾಡುವುದು ಹೇಗೆ? ಇಲ್ಲಿದೆ ಮಾಹಿತಿ

ಪುಣೆ: ಅಗಲ ಎಲೆ, ಅಂಚಿಗೆ ಬಿಳಿ ಗೆರೆ. ಸಾಮಾಜಿಕ ಜಾಲತಾಣಗಳಲ್ಲಿ ಹೋಸ್ಟಾ ಗಿಡದ ಚಿತ್ರ ನೋಡಿ ಮನಸೋತು, ಆನ್‌ಲೈನ್‌ನಲ್ಲಿ ಬೇರು ತರಿಸುವ ಮುನ್ನ ಇದನ್ನು ಓದಿ. ಚೀನಾ, ಜಪಾನ್, ಕೊರಿಯಾ ಮೂಲದ ಈ ಗಿಡಕ್ಕೆ ಪ್ರತಿವರ್ಷ ಕೆಲವು ವಾರಗಳ ಕೊರೆಯುವ ಚಳಿ ಬೇಕು. ಆಗ ಎಲೆ ಉದುರಿಸಿ ವಿಶ್ರಾಂತಿ ಪಡೆದರೆ ಮಾತ್ರ ಮತ್ತೆ ಚೆನ್ನಾಗಿ ಚಿಗುರುತ್ತದೆ. ಪುಣೆಯ ಚಳಿಗಾಲದಲ್ಲಿ ರಾತ್ರಿ ತಂಪಿದ್ದರೂ ಹಗಲು ಬಿಸಿಲೇರುತ್ತದೆ. ಹೀಗಾಗಿ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಆದರೆ ಹೋಸ್ಟಾವನ್ನು ಹೆಚ್ಚಿಸುವ ವಿಧಾನ ನಮ್ಮ ಗಿಡಗಳಿಗೂ ಒಪ್ಪುತ್ತದೆ. ಅದೇ ಬುಡ ಬೇರ್ಪಡಿಸುವುದು. ಬಾಳೆ ಕಂದು ಕಿತ್ತು ನೆಡುವುದನ್ನು ಬಲ್ಲವರಿಗೆ ಇದು ಹೊಸದಲ್ಲ.

ಯಾವ ಗಿಡ, ಯಾವಾಗ?

* ಕಾಬಾಳೆ (ಮರಾಠಿಗರ ಕರ್ದಳ): ಜೂನ್‌ನಲ್ಲಿ ಮೊದಲ ಮಳೆ ಬಿದ್ದ ನಂತರ.
* ಸುಗಂಧರಾಜ (ಇಲ್ಲಿನ ನಿಶಿಗಂಧ): ಗೆಡ್ಡೆಗಳು ಒತ್ತೊತ್ತಾಗಿ ಹೂ ಕಡಿಮೆಯಾದಾಗ ಕಿತ್ತು, ಬೇಸಿಗೆಯ ಆರಂಭದಲ್ಲಿ ಮರುನಾಟಿ.
* ಸೇವಂತಿಗೆ: ಹೂ ಮುಗಿದ ಮೇಲೆ ಗಿಡ ಕತ್ತರಿಸಿ, ಬುಡದಲ್ಲಿ ಬರುವ ಮರಿಗಳನ್ನು ಬೇರು ಸಹಿತ ಬಿಡಿಸಬೇಕು.

ಮಾಡುವುದು ಹೇಗೆ?

ಹಿಂದಿನ ದಿನ ಗಿಡಕ್ಕೆ ನೀರುಣಿಸಿ. ಕುಂಡದಿಂದ ಹೊರತೆಗೆದು ಮಣ್ಣು ಉದುರಿಸಿ. ಪ್ರತಿ ತುಂಡಿನಲ್ಲೂ ಎರಡು ಮೂರು ಮೊಳಕೆ ಮತ್ತು ಒಂದಿಷ್ಟು ಬೇರು ಇರುವಂತೆ ನೋಡಿಕೊಂಡು ಕತ್ತರಿಸಿ. ಬೇರು ಕಡಿಮೆಯಾದಾಗ ಎಲೆಗಳಿಗೆ ನೀರು ಸಾಲದು. ಆದ್ದರಿಂದ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಕಾಬಾಳೆ ಗೆಡ್ಡೆಯ ಗಾಯ ನೆರಳಲ್ಲಿ ಒಂದು ದಿನ ಒಣಗಲಿ.

ಪುಣೆ ಸುತ್ತಲಿನ ಕಪ್ಪು ಮಣ್ಣು ನೀರು ಹಿಡಿದಿಡುತ್ತದೆ. ಮಳೆಗಾಲದಲ್ಲಿ ಗೆಡ್ಡೆ ಕೊಳೆಯಲು ಇದೂ ಕಾರಣ. ಮರಳು, ಕಾಂಪೋಸ್ಟ್ ಬೆರೆಸಿ, ಕುಂಡದ ತಳದ ರಂಧ್ರ ಮುಚ್ಚಿಲ್ಲವೇ ನೋಡಿ. ಹದಿನೈದು ದಿನ ನೆರಳಲ್ಲಿಡಿ. ಹೊಸ ಎಲೆ ಬರುವವರೆಗೆ ಗೊಬ್ಬರ ಬೇಡ.

ಈ ತಪ್ಪು ಮಾಡಬೇಡಿ

ಬೀಜದಿಂದ ಬಂದ ಗಿಡ ತಾಯಿಯಂತೆಯೇ ಇರಬೇಕೆಂದಿಲ್ಲ. ಬುಡದಿಂದ ಬೇರ್ಪಡಿಸಿದ್ದು ತಾಯಿಯ ತದ್ರೂಪು. ಲಾಭ ಇಲ್ಲಿದೆ, ಅಪಾಯವೂ ಇಲ್ಲೇ ಇದೆ. ತಾಯಿಗಿಡಕ್ಕೆ ವೈರಸ್ ಇದ್ದರೆ ಪ್ರತಿ ತುಂಡಿನೊಂದಿಗೂ ಅದು ಹೋಗುತ್ತದೆ. ಹೋಸ್ಟಾಗೆ ತಗಲುವ ವೈರಸ್ ಒಂದನ್ನು 1996ರಲ್ಲಿ ಅಮೆರಿಕದಲ್ಲಿ ಗುರುತಿಸಲಾಯಿತು. ಅದು ಕತ್ತರಿಸುವ ಚಾಕುವಿನಿಂದಲೂ ಹರಡುತ್ತದೆ. ಕಾಬಾಳೆಗೂ ವೈರಸ್ ಕಾಟವಿದೆ. ಎಲೆಯಲ್ಲಿ ಹಳದಿ ಪಟ್ಟೆ, ಮುರುಟು ಕಂಡರೆ ಆ ಗಿಡವನ್ನು ಹಂಚಬೇಡಿ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚಾಕು ಅದ್ದಿ ತೊಳೆಯಿರಿ.

ಜನವರಿಯಲ್ಲಿ ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿ ನಡೆಯುವ ಪುಷ್ಪ ಪ್ರದರ್ಶನಕ್ಕೆ ಹೋದರೆ ಈ ಊರಿನ ಹವೆಗೆ ಹೊಂದುವ ಗಿಡಗಳನ್ನು ಕಣ್ಣಾರೆ ನೋಡಬಹುದು. ಆರೋಗ್ಯವಂತ ಒಂದು ಬುಡ ತಂದರೆ ಸಾಕು. ಮುಂದಿನ ಮಳೆಗಾಲಗಳಲ್ಲಿ ನಿಮ್ಮ ಬಾಲ್ಕನಿ ಮಾತ್ರವಲ್ಲ, ಪಕ್ಕದ ಮನೆಯದೂ ತುಂಬುತ್ತದೆ.